ಕಾಲು ಸುತ್ತು

ಆ್ಯಕ್ಸಿಲರೇಟರ್ ಬಿಟ್ಟ ಕೂಡಲೇ ಸೈಲೆನ್ಸರ್ ಮತ್ತೆ ಢಮಾರೆಂದಿತು. ಎದುರಿನ ಔಷಧಿ ಅಂಗಡಿಯವನು ಎದೆ ಹಿಡಿದುಕೊಂಡೇ ಹೊರಗೆ ಬಂದ.

"ಸಣ್ಣ ಮೇಸ್ತ್ರಿ, ಇದು ಬೈಕಾ, ಪಟಾಕಿ ಕಾರ್ಖಾನೆನಾ? ನನ್ನ ಗಿರಾಕಿಗಳಲ್ಲಿ ಅರ್ಧ ಜನ ಬಿ.ಪಿ.ಯವರು ಕಣಮ್ಮ!"

ಅವಳು ನಗಲಿಲ್ಲ. ಬೀದಿಯವರೆಲ್ಲ ಅವಳನ್ನು ಸಣ್ಣ ಮೇಸ್ತ್ರಿ ಅನ್ನುತ್ತಿದ್ದುದು ದೊಡ್ಡ ಮೇಸ್ತ್ರಿ ಒಬ್ಬ ಇದ್ದುದರಿಂದ. ಬೀದಿಯ ಕೊನೆಯ ಗ್ಯಾರೇಜು ಅವನದು. ಅವಳ ಅಕ್ಕನ ಗಂಡ. ಅವನ ಕೈಕೆಳಗೆ ಒಂಬತ್ತು ವರ್ಷ ಗ್ರೀಸು ಮೆತ್ತಿಕೊಂಡು, ಮೂರು ತಿಂಗಳ ಹಿಂದೆ ಜಗಳವಾಡಿಕೊಂಡು ಹೊರಬಿದ್ದು, ಒಂದೇ ಶಟರಿನ ಈ ಶೆಡ್ಡು ಹಾಕಿದ್ದಳು. ಬಂದದ್ದೆಲ್ಲ ಪಂಕ್ಚರು, ಬ್ರೇಕ್ ಲೈನರು, ಆಯಿಲ್ ಬದಲಾವಣೆ. ದೊಡ್ಡ ಕೆಲಸ ಅಂತ ಬಂದದ್ದು ಇದೇ ಮೊದಲು.

ಗಾಡಿ ಒಂದು ಬೈಕ್ ಕ್ಲಬ್ಬಿನ ಲೀಡರನದು. ಒಳಗಿದ್ದ ಗಾಳಿ ಫಿಲ್ಟರಿನ ಡಬ್ಬಿ ಕಿತ್ತೆಸೆದು ಬರಿಮೈ ಫಿಲ್ಟರ್ ಹಾಕಿಸಿದ್ದ, ಗಂಟಲು ತೆರೆದ ಸೈಲೆನ್ಸರ್ ಕೂರಿಸಿದ್ದ. ಗಾಳಿ ಹೊಟ್ಟೆ ಬಿರಿಯುವಷ್ಟು, ಪೆಟ್ರೋಲು ಮಾತ್ರ ಮೊದಲಿನಷ್ಟೇ. ಸಿಡಿಯದೆ ಇನ್ನೇನು ಮಾಡೀತು? "ಐದು ಗಂಟೆಗೆ ನಾವು ಹೊರಡ್ತೀವಿ. ಅಷ್ಟರಲ್ಲಿ ಇದರ ಬಾಯಿ ಮುಚ್ಚಿಸಿಬಿಡು, ಕ್ಲಬ್ಬಿನ ಇಪ್ಪತ್ತು ಗಾಡೀನೂ ಇನ್ಮೇಲೆ ನಿನ್ನ ಹತ್ರಾನೇ," ಅಂದಿದ್ದ. ಆ ಇಪ್ಪತ್ತು ಗಾಡಿ ಸಿಕ್ಕರೆ ಶೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅದು ಅವಳಿಗೆ ಗೊತ್ತಿತ್ತು.

ಬೆಳಿಗ್ಗೆಯೇ ಪೆಟ್ರೋಲು ಹಾಯುವ ಮೇನ್ ಜೆಟ್ ಎರಡು ನಂಬರ್ ದೊಡ್ಡದು ಹಾಕಿದಳು. ಪೂರ್ತಿ ವೇಗದಲ್ಲಿ ಗಾಡಿ ಹುಲಿಯ ಹಾಗೆ ಓಡಿತು. ವೇಗ ಇಳಿಸಿದರೆ ಮಾತ್ರ ಢಮಾರ್. ಸೈಲೆನ್ಸರಿನ ಜಾಯಿಂಟು ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕಿದಳು. ಆದರೂ ಢಮಾರ್. ಉಳಿದದ್ದು ಗಾಳಿ-ಪೆಟ್ರೋಲು ಬೆರೆಸುವ ಕಾರ್ಬೊರೇಟರಿನ ಪಕ್ಕದ ಪುಟ್ಟ ಸ್ಕ್ರೂ. ಅದರ ಪಾಠವನ್ನು ಭಾವ ಅವಳ ಗೆಣ್ಣಿಗೆ ಸ್ಪ್ಯಾನರಿನಿಂದ ಕುಟ್ಟಿ ಕಲಿಸಿದ್ದ: ಬಿಗಿ ಮಾಡಿದರೆ ಪೆಟ್ರೋಲು, ಸಡಿಲಿಸಿದರೆ ಗಾಳಿ. ಪೆಟ್ರೋಲು ಬೇಕಿತ್ತು, ಕಾಲು ಸುತ್ತು ಬಿಗಿ ಮಾಡಿದಳು. ಸಿಡಿತ ಹೆಚ್ಚಾಯಿತು. ಇನ್ನೂ ಕಾಲು ಸುತ್ತು. ಇನ್ನೂ ಹೆಚ್ಚಾಯಿತು.

ನಾಲ್ಕು ಗಂಟೆಗೆ, ಸ್ವಾಭಿಮಾನವನ್ನೆಲ್ಲ ನುಂಗಿಕೊಂಡು, ಭಾವನ ಗ್ಯಾರೇಜಿಗೆ ಹೋದಳು. ಅಕ್ಕ ಮುಂದಿನ ಮೇಜಿನಲ್ಲಿ ಗಿರಾಕಿಗಳ ಬಿಲ್ಲಿನ ಚೀಟಿ ಬರೆಯುತ್ತಿದ್ದವಳು ತಲೆ ಎತ್ತಿದಳು, ಮತ್ತೆ ತಗ್ಗಿಸಿದಳು.

"ಓಹೋ, ದಾರಿ ತಪ್ಪಿ ಬಂದ್ಯಾ?" ಅಂದ ಭಾವ, ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ.

"ಭಾವ, ಒಂದು ಸಲ ಬಂದು ನೋಡ್ತೀರಾ?"

"ನೋಡ್ತೀನಿ. ಬಿಟ್ಟಿ ನೋಡಲ್ಲ. ಇವತ್ತು ನಿನ್ನ ಕೈಯಲ್ಲಿ ಆಗಲಿಲ್ಲಾಂದ್ರೆ ಶಟರ್ ಎಳ್ಕೊಂಡು ನಾಳೆ ಎಂಟಕ್ಕೆ ನನ್ನ ಬೆಂಚಲ್ಲಿರಬೇಕು. ನಿಮ್ಮಕ್ಕನ ಎದುರು ಹೇಳು."

ಅವಳು ಅಕ್ಕನ ಕಡೆ ನೋಡಿದಳು. ಅಕ್ಕ ಚೀಟಿ ಬರೆಯುತ್ತಲೇ ಇದ್ದಳು.

"ಆಯ್ತು," ಅಂದಳು ಅವಳು.

ಶೆಡ್ಡಿಗೆ ಬಂದ ಭಾವ ಗಾಡಿ ಮುಟ್ಟಲಿಲ್ಲ. ಸ್ಟೂಲು ಎಳೆದು, ನಾಟಕ ನೋಡಲು ಬಂದವನ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತ. ಲೀಡರನೂ ಅವನ ಇಬ್ಬರು ಗೆಳೆಯರೂ ಬಂದು ನಿಂತಿದ್ದರು.

"ನಮಸ್ಕಾರ ದೊಡ್ಡ ಮೇಸ್ತ್ರಿ! ಗುರುಗಳೇ ಬಂದ್ರಲ್ಲ!" ಅಂದ ಲೀಡರ್.

"ಶಿಷ್ಯೆ ಪರೀಕ್ಷೆ ಬರೀತಾಳೆ, ನಾನು ಬರೀ ಕಾವಲು," ಅಂದ ಭಾವ. ಎಲ್ಲರೂ ನಕ್ಕರು. "ಏನಮ್ಮ, ಸಿಡಿಯೋದು ಯಾಕೆ?"

"ಪೆಟ್ರೋಲು ಕಮ್ಮಿ."

"ಭೇಷ್. ಸ್ಕ್ರೂ ಬಿಗಿ ಮಾಡಿದ್ರೆ?"

"ಪೆಟ್ರೋಲು."

"ಮತ್ತೆ? ನನ್ನ ಮುಖದಲ್ಲೇನು ಪೆಟ್ರೋಲ್ ಪಂಪು ಕಾಣ್ತಿದೆಯಾ? ತಿರುಗ್ಸು."

ಅವಳು ಕಾಲು ಸುತ್ತು ಬಿಗಿ ಮಾಡಿದಳು. ವೇಗ ಏರಿಸಿ ಬಿಟ್ಟಳು. ಢಮ್, ಢಮ್, ಢಮಾರ್. ಗೆಳೆಯರಲ್ಲೊಬ್ಬ ಕಿವಿ ಮುಚ್ಚಿಕೊಂಡು ಕುಣಿದ. ಮೂರು ಸಲ ಬಿಗಿ ಮಾಡಿ ಮೂರು ಸಲವೂ ಕೆಟ್ಟರೆ ನಾಲ್ಕನೆಯ ಸಲಕ್ಕೆ ಕತ್ತೆಗೂ ಅನುಮಾನ ಬರುತ್ತದೆ. ಅವಳ ಕೈ ತಾನಾಗಿಯೇ ಸ್ಕ್ರೂಡ್ರೈವರನ್ನು ಎಡಕ್ಕೆ, ಸಡಿಲಿಸುವ ಕಡೆಗೆ, ಕೂದಲೆಳೆಯಷ್ಟು ತಿರುಗಿಸಿತು.

"ಹೂಂ?" ಅಂದ ಭಾವ.

ಅಷ್ಟೇ. ಜೋರಾಗಿ ಕೂಡ ಅಲ್ಲ. ಅವಳ ಗೆಣ್ಣು ಚುಳ್ ಅಂದಿತು. ಕೈ ನಿಂತಿತು.

"ಒಂಬತ್ತು ವರ್ಷ ಉಣ್ಣಿಸಿ ಕಲಿಸಿದ್ದನ್ನ ಮೂರು ತಿಂಗಳಲ್ಲಿ ಮರೆತ್ಯಾ? ಎಡಕ್ಕೆ ಏನು?"

"ಗಾಳಿ."

"ನಿನಗೆ ಬೇಕಾಗಿರೋದು?"

"ಪೆಟ್ರೋಲು."

"ಹಾಗಾದ್ರೆ ತಿರುಗ್ಸಮ್ಮ, ಜನ ಕಾಯ್ತಿದಾರೆ."

ಅವಳು ಬಲಕ್ಕೆ ತಿರುಗಿಸಿದಳು. ಸ್ಕ್ರೂ ತಳ ಮುಟ್ಟಿತು. ಎಂಜಿನ್ ಎರಡು ಸಲ ಬಿಕ್ಕಳಿಸಿ ಸತ್ತಿತು. ಕಿಕ್ ಹೊಡೆದಳು. ಇನ್ನೊಂದು ಹೊಡೆದಳು. ಏಳನೆಯ ಕಿಕ್ಕಿಗೆ ಲೀಡರ್ ಗಡಿಯಾರ ನೋಡಿಕೊಂಡ.

"ಸಾಕು ಬಿಡಮ್ಮ. ಇದ್ದ ಗಾಡೀನೂ ಹಾಳು ಮಾಡಿದ್ಯಲ್ಲ. ದೊಡ್ಡ ಮೇಸ್ತ್ರಿ, ನಿಮ್ಮ ಕೈಯಲ್ಲಾದ್ರೂ...?"

ಭಾವ ನಿಧಾನವಾಗಿ ಎದ್ದ. ಅವಳ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಅದನ್ನು ಅವಳ ಭುಜಕ್ಕೇ ಒರೆಸಿ, ಬಗ್ಗಿದ. ಸ್ಕ್ರೂವನ್ನು ಎಡಕ್ಕೆ ತಿರುಗಿಸಿದ. ಒಂದು ಸುತ್ತು. ಎರಡು. ಮತ್ತೆ ಅರ್ಧ. ಒಂದೇ ಕಿಕ್ಕಿಗೆ ಎಂಜಿನ್ ಎದ್ದಿತು. ವೇಗ ಪೂರ್ತಿ ಏರಿಸಿ, ತಟ್ಟನೆ ಬಿಟ್ಟ. ಸೈಲೆನ್ಸರ್ ಮಗುವಿನ ಹಾಗೆ ಗುಡುಗುಡು ಅಂದು ಸುಮ್ಮನಾಯಿತು.

ಗೆಳೆಯರು ಚಪ್ಪಾಳೆ ತಟ್ಟಿದರು. "ಇಪ್ಪತ್ತು ಗಾಡೀನೂ ನಾಳೆಯಿಂದ ನಿಮ್ಮ ಗ್ಯಾರೇಜಿಗೇ," ಅಂತ ಲೀಡರ್ ಭಾವನ ಕೈ ಕುಲುಕಿ ಹೊರಟ. ಅವಳ ಕಡೆ ಯಾರೂ ತಿರುಗಿ ನೋಡಲಿಲ್ಲ.

ಬೀದಿ ಖಾಲಿಯಾದ ಮೇಲೆ ಅವಳು ಕೇಳಿದಳು. "ಎಡಕ್ಕೆ ತಿರುಗಿಸಿದ್ರಿ."

"ಹೌದು."

"ಎಡಕ್ಕೆ ಗಾಳಿ ಅಲ್ವಾ?"

"ಸ್ಕ್ರೂ ಫಿಲ್ಟರ್ ಕಡೆ ಇದ್ರೆ ಗಾಳಿ. ಈ ಗಾಡೀಲಿರೋ ಹಾಗೆ ಎಂಜಿನ್ ಕಡೆ ಇದ್ರೆ ಎಡಕ್ಕೆ ಪೆಟ್ರೋಲು, ಎಲ್ಲಾ ಉಲ್ಟಾ." ಭಾವ ಕಡ್ಡಿ ಉಗಿದ. "ಎಂಜಿನ್ ಕಡೆ ಸ್ಕ್ರೂ ಇರೋ ಕಾರ್ಬೊರೇಟರ್ ಬಂದಾಗೆಲ್ಲ ನಾನು ಪರದೆ ಹಿಂದೆ ಒಬ್ಬನೇ ಕೂತು ಬಿಚ್ತಿದ್ದೆ. ಯಾಕೆ ಅಂತ ಒಂದು ದಿನ ಆದ್ರೂ ಕೇಳಿದ್ಯಾ? ಕಲಿಸಿದವನಿಗೆ ಕಲಿಸದೆ ಇರೋದೂ ಗೊತ್ತಿರಬೇಕಮ್ಮ."

ಅವನು ಹೋದ. ಹತ್ತು ನಿಮಿಷಕ್ಕೆ ಅಕ್ಕ ಬಂದಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ತಂಗಿ ನೆಲದ ಮೇಲೆ ಕೂತು ಜೆಟ್ಟುಗಳನ್ನು ಡಬ್ಬಿಗೆ ತುಂಬುತ್ತಿದ್ದಳು.

"ನಿನ್ನ ಬೆಂಚು ಒರೆಸಿಟ್ಟಿದ್ದೀನಿ ಕಣೆ."

"ಯಾವಾಗ ಒರೆಸಿದೆ?"

"ಬೆಳಿಗ್ಗೆ."

ತಂಗಿಯ ಕೈ ನಿಂತಿತು. ಬೆಳಿಗ್ಗೆ ಅವಳಿನ್ನೂ ಭಾವನ ಹತ್ತಿರ ಹೋಗಿರಲಿಲ್ಲ.

"ಬೆಳಿಗ್ಗೆಯಿಂದ ಬೀದಿಗೆಲ್ಲ ಕೇಳಿಸ್ತಿತ್ತಲ್ಲ," ಅಂದಳು ಅಕ್ಕ. "ಸದ್ದು ಜಾಸ್ತಿ ಆದ ಕೂಡ್ಲೇ ಇವರು ಹೇಳಿದ್ರು, ಬಲಕ್ಕೆ ತಿರುಗಿಸ್ತಿದ್ದಾಳೆ ಅಂತ. ನಕ್ಕರು."

"ನಿನಗೆ ಗೊತ್ತಿತ್ತಾ?"

"ಹದಿನೈದು ವರ್ಷ ಅವರ ಜೊತೆ ಬಾಳ್ವೆ ಮಾಡಿದ್ದೀನಿ. ಯಾವ ಸ್ಕ್ರೂ ಯಾವ ಕಡೆ ಅಂತ ನನಗೂ ಗೊತ್ತು."

"ಒಂದು ಮಾತು ಹೇಳಬಹುದಿತ್ತಲ್ಲಕ್ಕ. ಒಂದೇ ಮಾತು."

"ಹೇಳಿದ್ರೆ ನೀನು ಇಲ್ಲೇ ಉಳೀತಿದ್ದೆ." ಅಕ್ಕನ ದನಿಯಲ್ಲಿ ಕೋಪವಿರಲಿಲ್ಲ. "ನೀನು ಹೋದ ಮೇಲೆ ಸ್ಪ್ಯಾನರ್ ಏಟು ಯಾರ ಕೈಗೆ ಬೀಳ್ತಿತ್ತು ಅಂದ್ಕೊಂಡೆ?"

ಅಕ್ಕ ಕೈ ಮುಂದೆ ಚಾಚಿದಳು. ಗೆಣ್ಣುಗಳು ಊದಿ ನೀಲಿಗಟ್ಟಿದ್ದವು. ತಂಗಿ ನೋಡಿದಳು.

"ಏಳು. ಎಂಟಕ್ಕೆ ತಡ ಮಾಡಬೇಡ," ಅಂದಳು ಅಕ್ಕ. ಆ ಊದಿದ ಕೈಯಿಂದಲೇ ಶಟರಿನ ಒಂದು ತುದಿ ಹಿಡಿದು, ತಂಗಿ ಇನ್ನೊಂದನ್ನು ಹಿಡಿಯಲಿ ಎಂದು ಕಾಯತೊಡಗಿದಳು.