ಗಜಾಯದ ಮಂಚ

ಗೋಡೆ ತಪ್ಪೋ, ಮರ ತಪ್ಪೋ, ಇಲ್ಲ ನಾನೇ ತಪ್ಪೋ? ಮೂರನೆಯದು ಇರಲಾರದು ಎಂದುಕೊಂಡ ಶ್ರೀನಿವಾಸಮೂರ್ತಿ. ಅಷ್ಟು ಬೇಗ ಹಾಗೆ ಅಂದುಕೊಂಡದ್ದರಿಂದಲೇ ಅದು ಮೂರನೆಯದೇ ಇರಬೇಕು ಎಂದೂ ಅನ್ನಿಸಿತು. ಎದುರಿಗೆ ಬೀಟೆಮರದ ಬೀರು ಗೋಡೆಯ ಗೂಡಿಗೆ ಬೆನ್ನು ಕೊಟ್ಟು ನಿಂತಿತ್ತು. ಗೂಡಿನ ಅಗಲ ಎಂಟು ಅಡಿ. ಬೀರು ಅದಕ್ಕಿಂತ ಅರ್ಧ ಇಂಚು ಕಡಿಮೆ ಇರಲಿ ಎಂದು ನಕ್ಷೆಯಲ್ಲಿ ಅವನೇ ಬರೆದಿದ್ದ. ಈಗ ಅದು ಅರ್ಧ ಇಂಚು ಹೆಚ್ಚಾಗಿ, ಪಂಕ್ತಿಯಲ್ಲಿ ಜಾಗ ಸಿಗದ ದಪ್ಪ ಬೀಗರ ಹಾಗೆ ಒಳಗೂ ಹೋಗದೆ, ಹಿಂದಕ್ಕೂ ಸರಿಯದೆ ನಿಂತಿತ್ತು.

ಮನೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿತ್ತು. ಯಜಮಾನರು ಅಡಿಕೆ ಮಂಡಿಯ ಪರಮೇಶ್ವರಪ್ಪ. ಅದು ೧೯೬೧ರ ಬೇಸಿಗೆ. ಮಾರನೆಯ ದಿನವೇ ಗೃಹಪ್ರವೇಶ.

ಪರಮೇಶ್ವರಪ್ಪನವರಿಗೆ ಹನ್ನೊಂದು ತಿಂಗಳಿಂದ ನಿದ್ದೆ ಇರಲಿಲ್ಲ. ಮಂಡಿಯಲ್ಲಿ ಅಡಿಕೆ ಆರಿಸುವಾಗ ಕಣ್ಣು ಮಂಜಾಗುತ್ತಿತ್ತು, ಕೈ ನಡುಗುತ್ತಿತ್ತು. ಸಕ್ಕರೆ ಕಾಯಿಲೆಯ ಜೊತೆಗೆ ರಕ್ತದೊತ್ತಡವೂ ಹೀಗೇ ಏರುತ್ತಾ ಹೋದರೆ ಮಂಡಿಯನ್ನೂ ಮರೆಯಬೇಕು, ಮನೆಯನ್ನೂ ಮರೆಯಬೇಕು ಎಂದಿದ್ದರು ಡಾಕ್ಟರು. ಅದಕ್ಕೇ ಅವರು ಹಟ ಹಿಡಿದು ಈ ಮನೆ ಕಟ್ಟಿಸಿದ್ದರು. ಒಳಗೆ ಕಾಲಿಟ್ಟರೆ ಸಾಕು, ಆರೋಗ್ಯ ತಾನಾಗಿ ಮೈಗೆ ಹತ್ತಬೇಕು. ನಕ್ಷೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ಶ್ರೀನಿವಾಸಮೂರ್ತಿಯನ್ನು ಹಿಡಿದರು. ಅವನು ಬಿ.ಎಸ್ಸಿ. ಮಾಡಿದ್ದ, ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡದವನಿಗೆ ವಿಷಯ ಗೊತ್ತಿರುತ್ತದೆ ಎಂದು ಪರಮೇಶ್ವರಪ್ಪನವರ ನಂಬಿಕೆ.

ವಿಷಯ ಎಲ್ಲರಿಗೂ ಗೊತ್ತಿತ್ತು. ಮಲಗುವ ಕೋಣೆಗೆ ತೆಳುನೀಲಿ ಡಿಸ್ಟೆಂಪರ್ ಹೊಡೆಸಿ, ನರಗಳು ತಣ್ಣಗಾಗುತ್ತವೆ ಎಂದರು ಡಾಕ್ಟರು. ಗೋಡೆಗಡಿಯಾರದ ಟಿಕ್‌ಟಿಕ್ಕೇ ಆಯಸ್ಸು ತಿನ್ನುವುದು ಎಂದ ಮಂಡಿಯ ಗುಮಾಸ್ತ. ಗಡಿಯಾರ ಅಡುಗೆಮನೆಗೆ ಹೋಯಿತು, ಅಲ್ಲಿ ಆಯಸ್ಸು ತಿನ್ನಿಸಿಕೊಳ್ಳಲು ಹೆಂಗಸರಿದ್ದರು. ಲಾರಿಗಳ ಸದ್ದು ಕೇಳಬಾರದೆಂದು ಕಿಟಕಿಗೆ ಎರಡು ಪದರ ಹಸಿರು ಮಖಮಲ್ ಪರದೆ ಬಂತು. ಅದನ್ನು ಎಳೆದರೆ ಸದ್ದು ನಿಲ್ಲುತ್ತಿರಲಿಲ್ಲ, ಗಾಳಿ ಮಾತ್ರ ನಿಲ್ಲುತ್ತಿತ್ತು.

ದೊಡ್ಡ ಜಗಳ ಆದದ್ದು ಕಕ್ಕಸಿನ ಬಗ್ಗೆ. ಮಲಗುವ ಕೋಣೆಗೆ ಅಂಟಿಕೊಂಡೇ ಇರಬೇಕು, ರಾತ್ರಿ ಮೂರು ಸಲ ಏಳುವವರು ಹಿತ್ತಲಿಗೆ ಹೋಗಿಬರುವಷ್ಟರಲ್ಲಿ ಬಂದ ನಿದ್ದೆಯೂ ಓಡಿಹೋಗುತ್ತದೆ ಎಂದು ಡಾಕ್ಟರ ವಾದ. ಅದಕ್ಕೆ ಅಡ್ಡ ನಿಂತವರು ನರಸಿಂಹಮೂರ್ತಿಗಳು. ಅವರು ಶ್ರೀನಿವಾಸಮೂರ್ತಿಯ ಸೋದರಮಾವ, ಸಂಸ್ಕೃತದ ಮೇಷ್ಟ್ರು. ಊರಲ್ಲಿ ಯಾರು ಮನೆ ಕಟ್ಟಿಸಿದರೂ ಅಳತೆ ಶುಭವೋ ಅಶುಭವೋ ಎಂದು ಆಯ ನೋಡಿಕೊಡುತ್ತಿದ್ದರು. ಮಲಗುವಲ್ಲಿ ಕಕ್ಕಸನ್ನು ಯಾವ ಶಾಸ್ತ್ರವೂ ಹೇಳಿಲ್ಲ ಎಂದರು. ಮೂರು ದಿನ ಯೋಚಿಸಿ ತಾವೇ ದಾರಿ ಕಂಡುಹಿಡಿದರು. ಶಾಸ್ತ್ರ ಬರೆದ ಋಷಿಗಳಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಆದ್ದರಿಂದ ಅವರು ಬೇಡ ಎಂದೂ ಹೇಳಿಲ್ಲ.

ಆದರೆ ಮಂಚದ ವಿಷಯದಲ್ಲಿ ಮಾವ ಒಂದು ಕೂದಲೆಳೆಯೂ ಜಗ್ಗಲಿಲ್ಲ. ಅವರ ಲೆಕ್ಕ ಸುಲಭ. ಮಂಚದ ಒಳ ಉದ್ದವನ್ನು ಇಂಚಿನಲ್ಲಿ ತೆಗೆದುಕೊಂಡು ಎಂಟರಿಂದ ಭಾಗಿಸಬೇಕು. ಏಳು ಉಳಿದರೆ ಗಜಾಯ: ಮಲಗಿದವನಿಗೆ ಆನೆಯಂಥ ನೆಮ್ಮದಿ. ಏನೂ ಉಳಿಯದಿದ್ದರೆ ಕಾಕಾಯ: ಕಾಗೆ. ಅದರ ಮೇಲೆ ಮಲಗಿದವನು ರೆಪ್ಪೆ ಮುಚ್ಚುವ ಹಾಗಿಲ್ಲ. ದೇಶವೆಲ್ಲ ಮೀಟರಿನ ಕಡೆ ಹೊರಟಿದ್ದರೂ ಮಾವನ ಆನೆ ಇಂಚಿನಲ್ಲೇ ನಿಂತಿತ್ತು. ಎಪ್ಪತ್ತೊಂಬತ್ತು ಇಂಚು, ಅಂದರೆ ಆರಡಿ ಏಳಿಂಚು ಎಂದು ಬರೆದುಕೊಟ್ಟರು. ಪರಮೇಶ್ವರಪ್ಪ ಆ ಚೀಟಿಯನ್ನು ಅಂಗಿಯ ಜೇಬಿನಲ್ಲಿ, ಡಾಕ್ಟರ ಚೀಟಿಗಿಂತ ಮುಂದಕ್ಕೆ ಇಟ್ಟುಕೊಂಡರು. ನರಸಿಂಹಮೂರ್ತಿಗಳು ಅಳೆದು ಸರಿ ಎಂದ ಮೇಲೇ ಮಲಗುವುದು, ಆ ಮಂಚದಲ್ಲೂ ನಿದ್ದೆ ಬಾರದಿದ್ದರೆ ಇನ್ನು ಔಷಧಿಯನ್ನೂ ಮುಟ್ಟುವುದಿಲ್ಲ ಎಂದು ಎಲ್ಲರೆದುರಿಗೆ ಹೇಳಿದ್ದರು.

ಮಂಚ, ಬೀರು, ಕನ್ನಡಿಯ ಮೇಜು ಎಲ್ಲವನ್ನೂ ಮಾಡಿದವರು ಭದ್ರಾವತಿ ಓಲ್ಡ್ ಟೌನಿನ ಖಲಂದರ್ ಸಾಬರು. ಮೂವತ್ತು ವರ್ಷ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಎರಕಕ್ಕೆ ಮರದ ಅಚ್ಚು ಮಾಡಿ ನಿವೃತ್ತರಾದವರು. ಅವರಂಥ ಕೈ ಎರಡು ಊರಲ್ಲೂ ಇಲ್ಲ ಎಂದು ಕರೆತಂದವನು ಶ್ರೀನಿವಾಸಮೂರ್ತಿಯೇ. ಸಾಮಾನು ಅವತ್ತು ಬೆಳಿಗ್ಗೆ ತಾನೆ ಲಾರಿಯಲ್ಲಿ ಬಂದಿತ್ತು.

ಈಗ ಖಲಂದರ್ ಸಾಬರು ಬೀರಿನ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ತಮ್ಮ ಎರಡಡಿಯ ಸ್ಟೀಲ್ ಅಳತೆಕೋಲಿನಿಂದ ಮತ್ತೊಮ್ಮೆ ಅಳೆದರು. ಏಳಡಿ ಹನ್ನೊಂದೂವರೆ, ನಕ್ಷೆಯಲ್ಲಿದ್ದಷ್ಟೇ. ಶ್ರೀನಿವಾಸಮೂರ್ತಿ ತನ್ನ ಟೇಪು ಹಿಡಿದ. ಎಂಟಡಿ ಅರ್ಧ ಇಂಚು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ಅಳತೆಕೋಲನ್ನು ನೋಡಿದರು.

ಕಬ್ಬಿಣ ಕರಗಿಸಿ ಹೊಯ್ದರೆ ತಣ್ಣಗಾಗುವಾಗ ಕುಗ್ಗುತ್ತದೆ. ಅದಕ್ಕೆ ಮರದ ಅಚ್ಚನ್ನು ಕೊಂಚ ದೊಡ್ಡದಾಗಿಯೇ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು ಪ್ಯಾಟರ್ನ್ ಶಾಪಿನವರ ಅಳತೆಕೋಲನ್ನೇ ಪ್ರತಿ ಅಡಿಗೆ ಇಂಚಿನ ಎಂಟರಲ್ಲೊಂದು ಭಾಗದಷ್ಟು ಉದ್ದ ಮಾಡಿರುತ್ತಾರೆ. ನೋಡಲು ಬೇರೆ ಕೋಲಿನ ಹಾಗೆಯೇ ಇರುತ್ತದೆ, ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಗುರುತು, ಅಷ್ಟೆ. ಖಲಂದರ್ ಸಾಬರು ಮೂವತ್ತು ವರ್ಷ ಹಿಡಿದದ್ದು ಅದೊಂದೇ ಕೋಲು.

"ನಮ್ ಕೈಗೆ ಬೇರೆ ಅಡಿ ಗೊತ್ತೇ ಇಲ್ಲ ಸಾರ್," ಎಂದರು ಅವರು. "ಮಂಚ ತಣ್ಣಗಾದ್ರೆ ಕುಗ್ಗೋದಿಲ್ಲ ಅನ್ನೋದೇ ಮರ್ತುಬಿಟ್ಟೆ."

ಬೀರಿನದು ದೊಡ್ಡ ಮಾತಲ್ಲ; ಗೂಡಿನ ಗಾರೆ ಕೆತ್ತಿದರೆ ಆಯಿತು. ಶ್ರೀನಿವಾಸಮೂರ್ತಿ ಕಿಟಕಿಯ ಬದಿಯಲ್ಲಿದ್ದ ಮಂಚಕ್ಕೆ ಟೇಪು ಇಟ್ಟ. ತಲೆಯ ಕಡೆ ಒಂದೇ ಹಲಗೆಯಲ್ಲಿ ಕೆತ್ತಿದ ಬಳ್ಳಿ, ಕಾಲ ಕಡೆ ಎರಡು ನವಿಲು. ನಡುವೆ ಹತ್ತಿರಹತ್ತಿರ ಎಂಬತ್ತು ಇಂಚು, ಒಂದು ನೂಲಿನಷ್ಟು ಮಾತ್ರ ಕಡಿಮೆ. ಎಂಟರಿಂದ ಭಾಗಿಸಿದರೆ ಏನೂ ಉಳಿಯದು; ಕಾಗೆ ಬಂದು ಕೂತಿತ್ತು. ಕತ್ತರಿಸಬೇಕೆಂದರೆ ಕೂಡುಗಳನ್ನೆಲ್ಲ ಬಿಚ್ಚಬೇಕು, ಒಂದು ವಾರದ ಕೆಲಸ. ಅಷ್ಟರಲ್ಲಿ ಭದ್ರಾವತಿಯವರಿಗೆ ಅಡಿ ಎಂದರೆ ಏನೆಂದೇ ಗೊತ್ತಿಲ್ಲ ಎಂದು ಊರಂಚಿನ ಆಲ್ಕೊಳದವರೆಗೂ ಸುದ್ದಿಯಾಗುತ್ತದೆ. ಪರಮೇಶ್ವರಪ್ಪ ನಾಳೆ ಹೊಸ ಮನೆಯಲ್ಲಿ ನೆಲದ ಮೇಲೆ ಕೂತು ಬೆಳಗು ಮಾಡುತ್ತಾರೆ. ಅವನಿಗೆ ಆಯದಲ್ಲಿ ನಂಬಿಕೆ ಇರಲಿಲ್ಲ. ನಂಬದವನು ಸುಳ್ಳು ಹೇಳಿದರೆ ಅದು ಎಷ್ಟು ಸುಳ್ಳು ಎಂದು ಯೋಚಿಸುತ್ತಿದ್ದಾಗಲೇ ಹೊರಗೆ ಮಾವನ ಕೆಮ್ಮು ಕೇಳಿಸಿತು.

ಮಾವ ಬಂದರು, ಹಿಂದೆಯೇ ಪರಮೇಶ್ವರಪ್ಪ ಬಂದರು. ಇವರು ಆರಡಿ ಮೀರಿದ ಆಳು. ಕಣ್ಣ ಕೆಳಗೆ ಬೂದಿ ಬಳಿದ ಹಾಗೆ ಕಪ್ಪು. ಬಾಗಿಲಲ್ಲೇ ನಿಂತರು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ. ಮಾವ ಶಾಲನ್ನು ಹೆಗಲಿಗೇರಿಸಿ ಕೈ ಚಾಚಿದರು.

"ಶೀನ, ನಿನ್ನ ಟೇಪು ಕೊಡೋ. ನನ್ನ ಬಟ್ಟೆ ಟೇಪು ಒಗೆಯೋಕೆ ಹೋಗಿ ಜಗ್ಗಿಬಿಟ್ಟಿದೆ."

ಟೇಪು ಶ್ರೀನಿವಾಸಮೂರ್ತಿಯ ಪ್ಯಾಂಟಿನ ಜೇಬಿನಲ್ಲಿ ಗುಂಡುಕಲ್ಲಿನ ಹಾಗೆ ತೂಗುತ್ತಿತ್ತು. ಅವನು ಜೇಬಿಗೆ ಕೈ ಹಾಕಿದ. ಕೈಯನ್ನು ಅಲ್ಲೇ ಇಟ್ಟುಕೊಂಡ.

"ಭದ್ರಾವತೀಲೇ ಉಳೀತು ಮಾವ. ಸಾಬರ ಹತ್ರ ಸ್ಟೀಲಿಂದಿದೆ, ತಗೊಳ್ಳಿ."

ಖಲಂದರ್ ಸಾಬರು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಮಾವ ಅದನ್ನು ಕಣ್ಣಿನ ಹತ್ತಿರ ಹಿಡಿದು ಮೂಲೆಯಲ್ಲಿ ಏನೋ ಬರೆದಿದೆಯಲ್ಲ ಎಂದರು. ಕಂಪನಿಯವರ ಗುರುತು ಸ್ವಾಮಿ ಎಂದರು ಸಾಬರು, ನೆಲ ನೋಡುತ್ತಾ. ಮಾವ ಬಗ್ಗಿ ಅಳೆದರು. ಎರಡಡಿ, ನಾಲ್ಕಡಿ, ಆರಡಿ. ಆಮೇಲೆ ಏಳು ಇಂಚು. ಗೆರೆ ನವಿಲಿನ ಹಲಗೆಗೆ ಮುತ್ತಿಟ್ಟ ಹಾಗೆ ಕೂತಿತು.

"ಗಜಾಯ," ಎಂದರು ಮಾವ. "ಸಾಬ್ರೇ, ಒಂದು ಕೂದಲು ಆಚೆ ಈಚೆ ಇಲ್ಲ ಮಾರಾಯ್ರೇ."

ಪರಮೇಶ್ವರಪ್ಪ ಜೇಬಿನಿಂದ ಚೀಟಿ ತೆಗೆದು ನೋಡಿ, ಮತ್ತೆ ಜೇಬಿಗಿಟ್ಟು, ಕಣ್ಣೊರೆಸಿಕೊಂಡರು.

ಗೃಹಪ್ರವೇಶದ ದಿನ ಮಧ್ಯಾಹ್ನ ಮೊದಲ ಪಂಕ್ತಿಗೆ ಎಲೆ ಹಾಕುವಾಗ ಅವರು ಸುಮ್ಮನೆ ಐದು ನಿಮಿಷ ಬೆನ್ನು ಚಾಚಿ ನೋಡುತ್ತೇನೆ ಎಂದು ಒಳಗೆ ಹೋದರು. ಎರಡನೆಯ ಪಂಕ್ತಿಯ ಹೋಳಿಗೆ ಬಡಿಸುವಾಗ ಗೊರಕೆ ಕೇಳಿಸಿತು. ಮೂರನೆಯ ಪಂಕ್ತಿಗೆ ಅದು ಪಕ್ಕದ ಮನೆಗೂ ಕೇಳಿಸಿತು. ಮಂಡಿಯ ದೊಡ್ಡವರು, ವಕೀಲರು, ಡಾಕ್ಟರು ಎಲ್ಲರೂ ಯಜಮಾನರಿಗೆ ಹೇಳದೆಯೇ ಹೊರಟರು. ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅವರು ಎದ್ದದ್ದು ಮಾರನೆಯ ದಿನ ಹಾಲಿನವನು ಬಂದಾಗ. ಅಂಟಿಕೊಂಡೇ ಇದ್ದ ಕಕ್ಕಸಿಗೆ ಒಂದು ಸಲವೂ ಹೋಗಿರಲಿಲ್ಲ.

ಡಾಕ್ಟರು ಇದು ನೀಲಿ ಡಿಸ್ಟೆಂಪರಿನಿಂದ ಎಂದರು. ಗುಮಾಸ್ತ ಗಡಿಯಾರದ ಮಾತೆತ್ತಿದ. ಮಾವ ಏನೂ ಹೇಳುವ ಅಗತ್ಯವೇ ಇರಲಿಲ್ಲ, ಜನ ಅವರ ಪರವಾಗಿ ಹೇಳಿದರು. ಆ ವರ್ಷ ಗಜಾಯದ ಮಂಚ ಬೇಕೆಂದು ಖಲಂದರ್ ಸಾಬರ ಶೆಡ್ಡಿಗೆ ಏಳು ಜನ ಹೋದರು. ಸಾಬರು ಏಳು ಮಂಚವನ್ನೂ ಅದೇ ಕೋಲಿನಲ್ಲಿ ಮಾಡಿದರು. ಸರಿಯಾದ ಕೋಲು ಕೊಳ್ಳಬಾರದೇ ಎಂದು ಶ್ರೀನಿವಾಸಮೂರ್ತಿ ಒಮ್ಮೆ ಕೇಳಿದ್ದಕ್ಕೆ, ನಿದ್ದೆ ಬರ್ತಿರೋ ಕೋಲನ್ನ ಯಾಕೆ ಬದಲಾಯಿಸ್ಲಿ ಸಾರ್ ಎಂದರು.

ಒಂದು ದಿನ ಪರಮೇಶ್ವರಪ್ಪನವರ ಹೆಂಡತಿ ಪುಷ್ಪಮ್ಮ ಅವನನ್ನು ಕೋಣೆಗೆ ಕರೆದು ಹಾಸಿಗೆ ತೋರಿಸಿದರು. ಚೀಟಿಯ ಅಳತೆಗೇ ಬೂರುಗದ ಹತ್ತಿ ತುಂಬಿ ಹೊಲಿಸಿದ್ದು. ಕಾಲ ಕಡೆ ಮುಕ್ಕಾಲು ಇಂಚಿನಷ್ಟು ಸಂದು. ಸಂದಿಗೆ ಅವರು ಹಳೆಯ ಟವೆಲ್ ಸುರುಳಿ ಸುತ್ತಿ ತುರುಕಿದ್ದರು.

"ಹಾಸಿಗೆ ಒಂದು ಬೆರಳು ಸಾಲಲ್ಲ, ನೋಡಿ," ಎಂದರು.

ಅವನು ಟವೆಲನ್ನು ನೋಡಿದ. ಅವರು ಅವನನ್ನು ನೋಡಿದರು.

"ಹಳೇ ಮಂಚದಲ್ಲಿ ಹಿಮ್ಮಡಿ ಹಲಗೆಗೆ ತಾಗಿ ಮುದುರಿಕೊಂಡೇ ಮಲಗೋರು. ಉದ್ದದ ಮಂಚ ಮಾಡಿಸಿ ಅಂತ ಇಪ್ಪತ್ತು ವರ್ಷ ನಾನೂ ಹೇಳ್ದೆ. ನಾನು ಹೇಳಿದ್ರೆ ಆಯ ಕೂಡಿಬರಲ್ವಲ್ಲ." ಟವೆಲನ್ನು ಸರಿಯಾಗಿ ಒತ್ತಿಟ್ಟು, ಹೊದಿಕೆ ಎಳೆದು ಮುಚ್ಚಿದರು. ಮತ್ತೆ ಆ ಮಾತೆತ್ತಲಿಲ್ಲ.

ಮೂರು ವರ್ಷದ ಮೇಲೆ ಮಾವನಿಗೇ ನಿದ್ದೆ ಕೆಟ್ಟಿತು. ಭದ್ರಾವತಿಯವರೆಗೆ ಯಾಕೆ ಎಂದು ಶಿವಮೊಗ್ಗದ ಬಡಗಿಯ ಹತ್ತಿರವೇ ಮಂಚ ಮಾಡಿಸಿದರು. ನಿದ್ದೆ ಬರಲಿಲ್ಲ. ಶ್ರೀನಿವಾಸಮೂರ್ತಿಯನ್ನು ಕರೆಸಿ ಅಳೆಯಲು ಹೇಳಿದರು. ಮಾವನ ಕಣ್ಣ ಕೆಳಗೆ ಅದೇ ಬೂದಿಯ ಕಪ್ಪು. ಅವನು ಜೇಬಿನಿಂದ ಟೇಪು ತೆಗೆದ. ಎಪ್ಪತ್ತೊಂಬತ್ತು ಇಂಚು, ಗೆರೆ ಹೊಡೆದ ಹಾಗೆ. ಮಾವ ಅಷ್ಟು ಎತ್ತರದ ಆಳೂ ಅಲ್ಲ, ಕಾಲು ಎಲ್ಲಿಗೂ ತಾಗುತ್ತಿರಲಿಲ್ಲ.

"ಪರಮೇಶ್ವರಪ್ಪಂದೂ ಇಷ್ಟೇ ಅಲ್ವೇನೋ? ನಾನೇ ಅಳೆದಿದ್ದೆ. ನನ್ನದರಲ್ಲಿ ಏನು ತಪ್ಪಿದೆ ಹೇಳು."

"ನಿಮ್ಮದರ ಅಳತೆ ಸರಿಯಾಗಿದೆ ಮಾವ," ಎಂದ ಅವನು.

ಪರಮೇಶ್ವರಪ್ಪನವರ ಮಂಚ ಎಂಬತ್ತು ಇಂಚು ಎಂದು ಮಾತ್ರ ಅವನು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.