ಚಲುವಯ್ಯ ಮೇಷ್ಟ್ರು ಬಿಟ್ಟ ಗೆರೆ

ಚಲುವಯ್ಯ ಮೇಷ್ಟ್ರು ನಡೆಯುತ್ತಿರಲಿಲ್ಲ, ಅಳೆಯುತ್ತಿದ್ದರು. ಮಲ್ಲಿಪಟ್ಟಣದಲ್ಲಿ ಬಸ್ಸಿಳಿದು ಶಾಲೆ ಮುಟ್ಟುವಷ್ಟರಲ್ಲಿ ಅವರ ತುಟಿಗಳು ಸಾವಿರದ ಎಣಿಕೆ ದಾಟಿರುತ್ತಿದ್ದವು. ಎದುರಾದವರು ಕೈಮುಗಿದರೆ ತಾವೂ ಕೈಯೆತ್ತುವರು, ಲೆಕ್ಕ ತಪ್ಪೀತೆಂದು ಬಾಯಿ ಮಾತ್ರ ತೆರೆಯರು. ಮೊಣಕೈ ಸವೆದ ಕರಿಕೋಟಿನ ಜೇಬಿನಲ್ಲಿ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿಯ ಪೆನ್ಸಿಲು. ಅದರಿಂದ ಅವರು ಬರೆದ ನಕ್ಷೆಗಳಲ್ಲಿ ಇದ್ದದ್ದು ಬಿಟ್ಟುಹೋದದ್ದಿಲ್ಲ, ಇಲ್ಲದ್ದು ಸೇರಿದ್ದಿಲ್ಲ. ಭೂಗೋಳದ ಪಾಠಕ್ಕೆಂದು ಊರಿನ ನಕ್ಷೆ ಬರೆದಾಗ ಪಟೇಲರ ತಿಪ್ಪೆಯನ್ನೂ ಕಾಣಿಸಿ ಬೈಸಿಕೊಂಡಿದ್ದರು. "ಐತಲ್ಲ, ಅದ್ಕೇ ಬರ್ದೆ" ಎಂಬುದಷ್ಟೇ ಅವರ ಉತ್ತರ.

ಅರವತ್ತೊಂದನೆಯ ಇಸವಿಯಲ್ಲಿ ಶಾಲೆಗಳ ಆಟದ ಬಯಲಿಗೆ ಸಹಾಯಧನ ಕೊಡುತ್ತಾರೆಂದೂ ಅರ್ಜಿಯೊಡನೆ ಜಾಗದ ನಕ್ಷೆ ಬೇಕೆಂದೂ ಕಾಗದ ಬಂತು. ಮಕ್ಕಳು ಅಲ್ಲಿಯತನಕ ಆಡುತ್ತಿದ್ದುದು ಲಾರಿ ಓಡುವ ರಸ್ತೆಯಲ್ಲಿ. ಹಿಂದಿನ ವರ್ಷವಷ್ಟೇ ಒಬ್ಬ ಹುಡುಗಿ ಕಾಲು ಕಳೆದುಕೊಂಡಿದ್ದಳು. ಶಾಲೆಯ ಹಿಂದಿನ ಬಯಲಿನಲ್ಲಿ ಮೇಷ್ಟ್ರು ಅಳತೆಯ ಹಗ್ಗದ ಒಂದು ತುದಿ ಹಿಡಿದರೆ, ಇನ್ನೊಂದನ್ನು ಹಿಡಿದವಳು ಅಂಗಳ ಗುಡಿಸುವ ಬೆಟ್ಟಮ್ಮ. ಅವಳ ಕೇರಿಯವರು ತಮ್ಮ ಹೆಣಗಳನ್ನು ಮಣ್ಣಿಗೆ ಹೊತ್ತೊಯ್ದು ಸವೆಸಿದ ಕಾಲುದಾರಿ ಆ ಬಯಲಿನ ನಡುವೆಯೇ ಹಾದುಹೋಗುತ್ತಿತ್ತು.

"ನಮ್ ದಾರೀನೂ ಬರ್ಕಂಡ್ರಾ ಸಾ?"

"ಬರ್ದಿವ್ನಿ ಕಣಮ್ಮ. ಇಲ್ನೋಡು, ಕೆಂಪು ಗೆರೆ."

ಓದು ಬಾರದ ಬೆಟ್ಟಮ್ಮ ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಅರ್ಜಿ ಎರಡು ಸಲ ಹಿಂದಕ್ಕೆ ಬಂತು. ಮೂರನೆಯ ಸಲ ಮೇಷ್ಟ್ರೇ ಅರಕಲಗೂಡಿನ ಕಚೇರಿಗೆ ಒಯ್ದಾಗ ಗುಮಾಸ್ತರೊಬ್ಬರು ನಕ್ಷೆಯ ಕೆಂಪು ಗೆರೆಯ ಮೇಲೆ ಉಗುರಿಟ್ಟು, "ಹೆಣದ ದಾರಿ ಇರೋ ಜಾಗಕ್ಕೆ ಯಾರ್ರೀ ಮಂಜೂರು ಮಾಡ್ತಾರೆ? ಬೇರೆ ಬರ್ಕೊಡಿ, ಇವತ್ತೇ ಕಡೇ ದಿನ" ಎಂದರು. ಮೇಷ್ಟ್ರ ಕಣ್ಣ ಮುಂದೆ ಆ ಹುಡುಗಿಯ ಕಾಲು ಬಂತು. ಕಾಗದದಲ್ಲಿ ಇಲ್ಲದಿದ್ದರೇನು, ನೆಲದಲ್ಲಿ ಇದ್ದೇ ಇರುತ್ತದಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ಜೀವಮಾನದಲ್ಲಿ ಒಂದೇ ಒಂದು ಗೆರೆ ಬಿಟ್ಟರು.

ಸಹಾಯಧನ ಬಂತು, ನಕ್ಷೆಯಂತೆ ಸುತ್ತಲೂ ತಂತಿಬೇಲಿಯೂ ಬಂತು. ದಾರಿಗೊಂದು ಗೇಟು ಬಿಡಿರೆಂದು ಮೇಷ್ಟ್ರು ಅಂಗಲಾಚಿದರು. ಆ ದಾರಿ ಮುಚ್ಚಲೆಂದೇ ಬಹುದಿನಗಳಿಂದ ಕಾದಿದ್ದ ಶಾಲಾ ಸಮಿತಿಯ ಷಡಕ್ಷರಿ ನಕ್ಕು, "ನೀವೇ ಬರ್ದಿರೋ ನಕ್ಸೇಲಿ ದಾರಿ ಎಲ್ಲೈತೆ ತೋರ್ಸಿ ಮೇಷ್ಟ್ರೇ. ನಿಮ್ ನಕ್ಸೆ ಸುಳ್ಳಾಯ್ತದಾ?" ಎಂದರು.

ಆ ಮಳೆಗಾಲದಲ್ಲೇ ಬೆಟ್ಟಮ್ಮ ತೀರಿಕೊಂಡಳು. ಚಟ್ಟ ಹೊತ್ತವರು ಬೇಲಿಯ ಮುಂದೆ ನಿಂತರು. "ನಡೀರ್ಲಾ, ಸುತ್ಕಂಡ್ ಓಗಾನ" ಎಂದ ಅವಳ ಮಗ ಪಾಪಯ್ಯ, ಮೇಷ್ಟ್ರ ಕಡೆ ತಿರುಗಿಯೂ ನೋಡಲಿಲ್ಲ. ಕೆರೆಕೋಡಿಯ ಕೆಸರಿನಲ್ಲಿ ಮೇಷ್ಟ್ರು ಅವರ ಹಿಂದೆ ಎಣಿಸುತ್ತ ನಡೆದರು. ಬಯಲಿನ ದಾರಿಯಲ್ಲಾಗಿದ್ದರೆ ಇನ್ನೂರ ಹತ್ತು ಹೆಜ್ಜೆ. ಇಲ್ಲಿ ಎರಡು ಸಾವಿರವಾದರೂ ಗುಂಡಿ ಕಾಣಲಿಲ್ಲ. ಆ ದಿನದ ಮೇಲೆ ಅವರು ಎಣಿಸಿದ್ದನ್ನು ಯಾರೂ ಕಾಣರು.

ಸುಳ್ಳು ರೂಢಿಯಾದವನ ಸುಳ್ಳಿಗೆ ಆಯುಸ್ಸು ಕಡಿಮೆ, ಊರು ನಂಬುವುದಿಲ್ಲ. ಚಲುವಯ್ಯನವರಂಥವರು ಬಾಳೆಲ್ಲ ಕೂಡಿಟ್ಟ ನಂಬಿಕೆಯೆಲ್ಲ ಅವರ ಒಂದೇ ಸುಳ್ಳಿನ ಕಾವಲಿಗೆ ನಿಲ್ಲುತ್ತದೆ. ಆಮೇಲೆ ನಿಜವನ್ನು ಅವರೇ ಬಂದು ಹೇಳಿದರೂ ಒಳಗೆ ಬಿಡುವುದಿಲ್ಲ.