ಗಂಡನ ಪ್ಯಾಂಟು ಸಡಿಲಾದಾಗ

ಗೌತಮ ತೂಕ ಇಳಿಸಿಕೊಂಡದ್ದು ಇಡೀ ಓಣಿಗೆ ಗೊತ್ತಾಯಿತು. ಇಳಿಸಿದವರು ಯಾರೆಂದು ಮಾತ್ರ ಯಾರೂ ಕೇಳಲಿಲ್ಲ. ಅವನ ಹೆಂಡತಿ ವಿಶಾಖಾಳ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಅದಕ್ಕೇ.

ಗಂಡ ಹೆಂಡತಿ ಇಬ್ಬರಿಗೂ ಡಾಕ್ಟರು ಒಂದೇ ದಿನ ಹೇಳಿದ್ದರು. ಅವನಿಗೆ ಸಕ್ಕರೆ ಕಾಯಿಲೆ ಬರುವ ಹಾಗಿದೆ, ಅವಳ ಮೊಣಕಾಲು ಇಷ್ಟು ಭಾರ ತಡೆಯುವುದಿಲ್ಲ, ಇಬ್ಬರೂ ಇಳಿಯಲೇಬೇಕು. ಗೌತಮ ಮಾನ್ವಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ. ವಿಶಾಖಾ ಗಿಲ್ಲೆಸುಗೂರಿನಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಬೆಳಗ್ಗೆ ರಾಯಚೂರಿನಿಂದ ಇಬ್ಬರೂ ಬೇರೆ ಬೇರೆ ಬಸ್ಸು ಹಿಡಿಯುತ್ತಿದ್ದರು. ಸಂಜೆ ಮನೆಗೆ ಬಂದ ಮೇಲೆ ಅವನು ಕುರ್ಚಿ ಹಿಡಿಯುತ್ತಿದ್ದ, ಅವಳು ಒಲೆ ಹಿಡಿಯುತ್ತಿದ್ದಳು.

ತೊಂದರೆ ಇದ್ದದ್ದು ಅಲ್ಲೇ. ಗೌತಮನಿಗೆ ಒಂದು ರೊಟ್ಟಿ, ಪುಂಡಿ ಪಲ್ಯ, ಸೌತೆಕಾಯಿ, ಮಜ್ಜಿಗೆ ತಟ್ಟೆಗೆ ಬಂದು ಬೀಳುತ್ತಿತ್ತು. ಉಂಡು ಎದ್ದು ಹೋಗುತ್ತಿದ್ದ. ವಿಶಾಖಾ ಮಾತ್ರ ಆ ತಟ್ಟೆಯ ಜೊತೆಗೆ ಮಾವ ತಾಯಣ್ಣನ ತಟ್ಟೆಯನ್ನೂ ತಯಾರು ಮಾಡಬೇಕು. ಗುಂಜಹಳ್ಳಿಯ ಹೊಲಗಳಲ್ಲಿ ದುಡಿದು ದುಡಿದು ಕಡ್ಡಿಯಂತಾಗಿದ್ದ ಮುದುಕನಿಗೆ ದಿನಾ ಶೇಂಗಾ ಹುರಿದು ಕುಟ್ಟಿದ ಹಿಂಡಿ ಬೇಕು, ಮೇಲೆ ಎಣ್ಣೆ ಬೇಕು, ಕರಿದ ಮೆಣಸಿನಕಾಯಿ ಬೇಕು. ಶೇಂಗಾ ಹುರಿಯುವಾಗ ಏಳುವ ವಾಸನೆಗೆ ಅವಳ ಬಾಯಲ್ಲಿ ನೀರು ತುಂಬುತ್ತಿತ್ತು. ಬಾಯಿಗೆ ಲವಂಗ ಹಾಕಿಕೊಳ್ಳುತ್ತಿದ್ದಳು, ನೀರು ಕುಡಿಯುತ್ತಿದ್ದಳು, ಕಿಟಕಿ ತೆಗೆದು ಮುಖ ಹೊರಗೆ ಹಾಕಿ ನಿಲ್ಲುತ್ತಿದ್ದಳು. ಒಂದೊಂದು ದಿನ ಗೆಲ್ಲುತ್ತಿದ್ದಳು. ಒಂದೊಂದು ದಿನ ಕೈ ತಾನಾಗಿಯೇ ಬಾಣಲೆಗೆ ಹೋಗಿ ಬಾಯಿಗೆ ಬಂದಿರುತ್ತಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಸಂಜೆ ಒಗ್ಗರಣಿ ಮಿರ್ಚಿ ಬಿಸಿಬಿಸಿ ಸಿಗುತ್ತಿತ್ತು. ಹಳದಿ ಮಂಡಕ್ಕಿಯ ಮೇಲೆ ಪುಟಾಣಿ ಪುಡಿ, ಪಕ್ಕದಲ್ಲಿ ಉಬ್ಬಿದ ಮಿರ್ಚಿ. ಅದನ್ನು ತಪ್ಪಿಸಲು ವಿಶಾಖಾ ನೋಯುವ ಮೊಣಕಾಲಿನಲ್ಲೇ ಹಿಂದಿನ ರಸ್ತೆ ಸುತ್ತಿ ಮನೆಗೆ ಬರುತ್ತಿದ್ದಳು.

ಇಷ್ಟಾದರೂ ತಕ್ಕಡಿಯ ಮುಳ್ಳು ಅವಳ ಪಾಲಿಗೆ ಅಲುಗಲಿಲ್ಲ. ಗೌತಮ ಮಾತ್ರ ಬೇಸಿಗೆಯ ಕೆರೆಯ ಹಾಗೆ ಇಳಿದ. ಪ್ಯಾಂಟು ಸಡಿಲಾಯಿತು. ಬೆಲ್ಟಿಗೆ ಹೊಸ ತೂತು ಬಿತ್ತು. ಕನ್ನಡಿಯ ಮುಂದೆ ಅಡ್ಡ ನಿಂತು ಹೊಟ್ಟೆ ನೋಡಿಕೊಳ್ಳುವುದು ರೂಢಿಯಾಯಿತು. ಆಮೇಲೆ ಉಪದೇಶ ಶುರುವಾಯಿತು.

"ಎಲ್ಲಾ ಮನಸ್ಸಿನ ಮ್ಯಾಲ ಅದ ನೋಡು ವಿಶಾಖಾ. ಆಸೆ ಬಂತು ಅಂದ್ರ ಸುಮ್ನ ನೋಡ್ತಾ ಕೂಡಬೇಕು. ತಾನಾ ಹೋಗ್ತದ."

ಅವಳು ಅವನಿಗೆಂದೇ ಸೌತೆಕಾಯಿ ಹೆಚ್ಚುತ್ತಿದ್ದಳು. ಚಾಕು ಮಣೆಗೆ ಸ್ವಲ್ಪ ಜೋರಾಗಿಯೇ ಬಡಿಯಿತು.

ಪಕ್ಕದ ಮನೆಯ ನಗ್ಮಾ ಒಂದು ದಿನ ಕಂಪೌಂಡಿನ ಆಚೆಯಿಂದ ಕರೆದಳು. "ಭಾಬಿ, ಸರ್ ಎಷ್ಟು ಸಣ್ಣಾಗ್ಯಾರ! ಮದಿವಿ ಹುಡುಗನಂಗ ಕಾಣಾಕತ್ತಾರ. ನೀವೂ ಅವರಿಂದ ಸ್ವಲ್ಪ ಕಲೀರಿ."

ವಿಶಾಖಾ ನಕ್ಕಳು. ಒಳಗೆ ಬಂದು ನಾಲ್ಕು ಶೇಂಗಾ ಉಂಡೆ ತಿಂದಳು.

ಆ ಮೇಲಿನ ಭಾನುವಾರ ದೇವದುರ್ಗದಲ್ಲಿ ಗೌತಮನ ಅಕ್ಕ ಮಾನಮ್ಮಳ ಹೊಸ ಮನೆಯ ಪ್ರವೇಶವಿತ್ತು. ಬುದ್ಧ ವಂದನೆ ಮುಗಿದು ಜನ ಊಟಕ್ಕೆ ಕೂತರು. ಗೋಧಿ ಹುಗ್ಗಿ ಬಡಿಸುತ್ತ ಬಂದ ಮಾನಮ್ಮ ತಮ್ಮನ ಮುಂದೆ ನಿಂತಳು. ಅವನು ಎಲೆಗೆ ಕೈ ಅಡ್ಡ ಹಿಡಿದ.

"ಬ್ಯಾಡ ಅಕ್ಕಾ. ಬಿಟ್ಟೀನಿ."

"ಯಪ್ಪಾ! ನನ್ನ ತಮ್ಮನ ಮನಸ್ಸು ಕಲ್ಲು ಆದಂಗ ಆಗ್ಯದ ನೋಡ್ರಿ," ಎಂದು ಅವಳು ಪಂಕ್ತಿಗೆಲ್ಲ ಕೇಳುವಂತೆ ಹೇಳಿದಳು. ಆಮೇಲೆ ವಿಶಾಖಾಳ ಎಲೆಗೆ ಕೇಳದೆಯೇ ಎರಡು ಸೌಟು ಹಾಕಿದಳು. "ನೀ ಉಣ್ಣವ್ವಾ. ನಿನಗೇನು, ಆಗೋದಾಗ್ಯದ."

ಜನ ನಕ್ಕರು. ಗೌತಮನೂ ನಕ್ಕ. ಬಯಸಿ ಬಯಸಿ ಬಿಟ್ಟಿದ್ದ ಹುಗ್ಗಿ ಅವಳ ಎದುರಿಗೇ ಇತ್ತು. ಆದರೆ ಅವಳು ಎಲೆ ಮಡಚಿ ಎದ್ದಳು. ಗಬ್ಬೂರಿನ ಮೇಲೆ ಬಸ್ಸಿನಲ್ಲಿ ವಾಪಸು ಬರುವಾಗ ಅವನು ಅವಳ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದ. ಅವಳು ಅವನ ತೆಳ್ಳಗಾದ ಕೆನ್ನೆಯನ್ನೇ ನೋಡುತ್ತ ಕೂತಳು. ಈ ಕೆನ್ನೆ ನನ್ನ ಕೈಯಿಂದ ಇಳಿದದ್ದು ಅನ್ನಿಸಿತು. ಇಳಿಸಿದ ಕೈಗೆ ಏರಿಸುವುದು ಎಷ್ಟರ ಕೆಲಸ ಎಂದೂ ಅನ್ನಿಸಿತು.

ಮರುದಿನದಿಂದ ಅವನ ಪಲ್ಯಕ್ಕೆ ಎಣ್ಣೆ ಹೆಚ್ಚಾಯಿತು. ರೊಟ್ಟಿಯ ಮಡಿಕೆಯೊಳಗೆ ತುಪ್ಪ ಸೇರಿತು. ಸಪ್ಪೆ ಚಹಾಕ್ಕೆ ಸಕ್ಕರೆ ಬಿತ್ತು, ನಾಲಿಗೆಗೆ ಸುಳಿವು ಸಿಗದಷ್ಟು. ಗೌತಮ ಬೆರಳು ಚೀಪಿದ. "ಇವತ್ತು ಪುಂಡಿ ಪಲ್ಯ ಭಾಳ ಚಲೋ ಆಗ್ಯದ," ಎಂದ. ತಾಯಣ್ಣ ಮಾತ್ರ ಮಗನ ತಟ್ಟೆಯ ಅಂಚಿನಲ್ಲಿ ನಿಂತ ಎಣ್ಣೆಯನ್ನೂ ಸೊಸೆಯ ಮುಖವನ್ನೂ ಒಮ್ಮೆ ನೋಡಿ ತನ್ನ ರೊಟ್ಟಿ ಮುರಿದ.

ಕೆಲವು ವಾರಗಳಲ್ಲಿ ಗೌತಮ ಏರಿದ. ತಕ್ಕಡಿಯಿಂದ ಇಳಿದು ಮತ್ತೆ ಹತ್ತಿದ. ವಿಶಾಖಾ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ತಂಪೆನಿಸಿತು. ಎಷ್ಟೋ ತಿಂಗಳ ಮೇಲೆ ಅಂದು ಹಸಿವೇ ಇಲ್ಲದೆ ಹಾಯಾಗಿ ಮಲಗಿದಳು.

ಆದರೆ ಗೌತಮ ಅವಳ ಹಾಗೆ ಆಸೆಯೊಂದಿಗೆ ಜಗ್ಗಾಡುತ್ತ ಕೂಡುವವನಲ್ಲ. ರಾತ್ರಿಯ ಊಟ ಬಿಟ್ಟ. ಆಮೇಲೆ ಮಧ್ಯಾಹ್ನದ ಡಬ್ಬಿಯನ್ನೂ ತೆಗೆಯದೆ ವಾಪಸು ತರತೊಡಗಿದ. ಉಪದೇಶ ನಿಂತುಹೋಯಿತು. ಕನ್ನಡಿಯ ಮುಂದೆ ನಿಲ್ಲುವುದೂ ನಿಂತಿತು. ಒಂದು ಸಂಜೆ ಅವಳಿಗೆ ಫೋನು ಬಂತು. ಮಾನ್ವಿಯ ಬಸ್ಸಿನಿಂದ ಇಳಿಯುವಾಗ ಸರ್‌ಗೆ ತಲೆ ತಿರುಗಿದೆ, ಸ್ಟ್ಯಾಂಡಿನಲ್ಲಿ ಕೂರಿಸಿದ್ದೇವೆ ಎಂದು ಯಾರೋ ಹೇಳಿದರು.

ವಿಶಾಖಾ ಆಟೋದಲ್ಲಿ ಓಡಿದಳು. ಗೌತಮ ಬೆಂಚಿನ ಮೇಲೆ ಬೆವರಿ ಕೂತಿದ್ದ. ಮನೆಗೆ ಕರೆತಂದು, ನಿಂಬೆ ಹಣ್ಣಿನ ನೀರಿಗೆ ಸಕ್ಕರೆ ಹಾಕಿ ಕುಡಿಸಲು ಹೋದರೆ ಲೋಟ ದೂಡಿದ.

"ಸಕ್ಕರಿ ಬ್ಯಾಡ. ನನ್ನ ಮನಸ್ಸು ಗಟ್ಟಿ ಇಲ್ಲ ವಿಶಾಖಾ. ಎಲ್ಲರ ಮುಂದ ದೊಡ್ಡದಾಗಿ ಮಾತಾಡಿದೆ. ಏನು ತಪ್ಪು ಮಾಡಾಕತ್ತೀನೋ ತಿಳೀವಲ್ದು."

ಅವಳಿಗೆ ತಡೆಯಲಾಗಲಿಲ್ಲ. "ನೀವೇನೂ ಮಾಡಿಲ್ಲರೀ. ನಾನೇ ಎಣ್ಣಿ ಹಾಕೀನಿ. ತುಪ್ಪಾನೂ ಹಾಕೀನಿ. ಚಾದಾಗ ಸಕ್ಕರೀನೂ."

"ಯಾಕ?"

"ನಿಮ್ಮ ಮ್ಯಾಲ ಹೊಟ್ಟೆಕಿಚ್ಚು. ಅಡಿಗಿ ಮಾಡಾಕಿ ನಾ, ವಾಸನಿ ತಗೊಂಡು ಸಾಯಾಕಿ ನಾ. ಗಟ್ಟಿ ಮನಸ್ಸು ಮಾತ್ರ ನಿಮ್ಮದು! ನಿಮ್ಮಕ್ಕ ಅಷ್ಟು ಜನರ ಮುಂದ ಅಂದಾಗ ನೀವು ನಕ್ರಿ."

ಗೌತಮ ಲೋಟ ತೆಗೆದುಕೊಂಡು ಕುಡಿದ. ಬೈಯಲಿಲ್ಲ. ಎರಡು ದಿನ ಮನೆಯಲ್ಲಿ ತಾಯಣ್ಣನ ಕೆಮ್ಮು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಮೂರನೆಯ ಸಂಜೆ ವಿಶಾಖಾ ಶಾಲೆಯಿಂದ ಬಂದಾಗ ಒಲೆಯ ಮುಂದೆ ಗೌತಮನಿದ್ದ.

"ನೀ ಹೊರಗ ಕೂಡು. ಸಂಜಿ ಅಡಿಗಿ ಇನ್ನ ನಂದು," ಎಂದ. ದನಿಯಲ್ಲಿ ಸಿಟ್ಟು ಇನ್ನೂ ಇತ್ತು. "ನಿನ್ನ ಕೈಯಾಗಿನ ಎಣ್ಣಿ ಮ್ಯಾಲ ನನಗ ನಂಬಿಕಿ ಇಲ್ಲ."

ಅವಳು ಅವನ ಕುರ್ಚಿಯಲ್ಲಿ ಕೂತಳು. ಅಷ್ಟು ದೂರಕ್ಕೆ ವಾಸನೆ ಬರುತ್ತಿತ್ತು, ಆದರೆ ಕೈಗೆ ಬಾಣಲೆ ಎಟುಕುತ್ತಿರಲಿಲ್ಲ. ತಟ್ಟೆ ಬಂತು. ದಪ್ಪ ದಪ್ಪ ರೊಟ್ಟಿ, ಉಪ್ಪು ಕಡಿಮೆಯಾದ ಪಲ್ಯ. ಉಂಡಳು, ಎದ್ದಳು. ಇಷ್ಟು ಸುಲಭವೇ ಎಂದು ಅವಳಿಗೇ ಆಶ್ಚರ್ಯವಾಯಿತು.

ವಾರ ಕಳೆಯುವಷ್ಟರಲ್ಲಿ ತಾಯಣ್ಣ ಗೊಣಗಿದ. "ಏನಪ್ಪಾ ಗೌತಮ, ಹಿಂಡಿ ಇಷ್ಟಾ? ಒಂದು ಬೊಗಸಿ ಶೇಂಗಾ ಹುರಿದಿದ್ದಿಯಲ್ಲಾ?"

ಗೌತಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಮೀಸೆಗೆ ಶೇಂಗಾ ಸಿಪ್ಪೆ ಅಂಟಿತ್ತು. ಒರೆಸಿಕೊಂಡು ಹೆಂಡತಿಯ ಕಡೆ ನೋಡಿದ.

"ಹುರಿಯೋ ಹೊತ್ತಿಗೆ ಭಾಳ ಕಷ್ಟ ಆಗ್ತದ ವಿಶಾಖಾ," ಎಂದ ಮೆಲ್ಲಗೆ. "ನೀ ಏನು ಮಾಡ್ತಿದ್ದಿ?"

ವಿಶಾಖಾ ಉತ್ತರಿಸುವ ಮೊದಲು ಆ ಪ್ರಶ್ನೆಯ ರುಚಿಯನ್ನು ಸ್ವಲ್ಪ ಹೊತ್ತು ಅನುಭವಿಸಿದಳು. ಆಮೇಲೆ ಎದ್ದು ಒಳಗೆ ಹೋಗಿ, ಲವಂಗದ ಡಬ್ಬಿ ಎಲ್ಲಿದೆಯೆಂದು ತೋರಿಸಿದಳು.